ವಯಸ್ಸಾದ ಗಾಯಕರ ದನಿ ಮೊದಲಿನಂತೆ ಇರುತ್ತಾ?

ನಾನು ಬೆಳಗಾವಿಯ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಗಣೇಶನ ಹಬ್ಬ, ಮದುವೆ, ಉತ್ಸವ, ಎಲ್ಲಿ ಕರೆದರೂ ಹೋಗುತ್ತೇನೆ. ಹೆಸರಾಂತ ಹಿರಿಯ ಗಾಯಕರು ಯಾರಾದರೂ ಊರಿಗೆ ಬಂದು ಹಾಡಿ ಹೋದರೆ ಸಾಕು, ಮರುದಿನ ಪ್ರಶ್ನೆ ಬಂದೇ ಬರುತ್ತದೆ. "ದನಿ ಇನ್ನೂ ಮೊದಲಿನಂಗ ಐತೇನ್ರಿ, ಇಲ್ಲಾ ಬರೇ ಹೆಸರಿನ ಮ್ಯಾಲೆ ನಡದೈತೇನು?" ಇಂಗ್ಲಿಷ್ ಹಾಡು ಕೇಳುವ ಹುಡುಗರು ಇದನ್ನೇ ಮಡೋನಾ, ಮಿಕ್ ಜ್ಯಾಗರ್ ಬಗ್ಗೆ ಕೇಳುತ್ತಾರೆ.

ದನಿ ಮೊದಲಿನಂತೆ ಇರುವುದಿಲ್ಲ. ಯಾರದ್ದೂ ಇರುವುದಿಲ್ಲ. ಆದರೆ ಹಾಡುಗಾರಿಕೆ ಉಳಿಯುತ್ತದೆ, ಎಷ್ಟೋ ಸಲ ಮೊದಲಿಗಿಂತ ಜಾಸ್ತಿಯಾಗಿರುತ್ತದೆ. ಜನ ಮೆಚ್ಚುವುದು ಬಿಡುವುದು ಬೇರೆಯೇ ಲೆಕ್ಕ. ಈ ಮೂರನ್ನೂ ಒಂದೇ ಅಂದುಕೊಂಡಾಗ ಹಿರಿಯರಿಗೆ ಅನ್ಯಾಯ ಆಗುತ್ತದೆ. ನನಗೆ ಹೊಟ್ಟೆ ಉರಿಯುವುದು ಅಲ್ಲೇ.

ಮೊದಲು ದನಿ. ಗಂಟಲಿನ ಧ್ವನಿತಂತುಗಳು ವಯಸ್ಸಾದಂತೆ ಸೊರಗುತ್ತವೆ, ಮೊದಲಿನ ಪುಟಿತ ಇರುವುದಿಲ್ಲ. ಎದೆಗೂಡು ಗಡುಸಾಗುತ್ತದೆ, ಉಸಿರು ಬೇಗ ಮುಗಿಯುತ್ತದೆ. ಮುಟ್ಟು ನಿಂತ ಮೇಲೆ ಹೆಣ್ಣುಮಕ್ಕಳ ದನಿ ಸಾಮಾನ್ಯವಾಗಿ ಸ್ವಲ್ಪ ಕೆಳಗಿಳಿಯುತ್ತದೆ. ಗಂಡಸರ ದನಿ ಇಳಿವಯಸ್ಸಿನಲ್ಲಿ ತೆಳ್ಳಗಾಗುತ್ತದೆ. ಎಷ್ಟೇ ರಿಯಾಜ್ ಮಾಡಿದರೂ ಇದನ್ನು ಮುಂದೂಡಬಹುದು ಅಷ್ಟೇ. ಹಾಗಂತ ಎಲ್ಲದಕ್ಕೂ ವಯಸ್ಸೇ ಕಾರಣ ಅನ್ನುವಂತೆಯೂ ಇಲ್ಲ. ಅಮೆರಿಕದ ಗಾಯಕಿ ವಿಟ್ನಿ ಹ್ಯೂಸ್ಟನ್ 2012ರಲ್ಲಿ ತೀರಿಕೊಂಡಾಗ ಬರೀ 48 ವರ್ಷ. ಆ ದೊಡ್ಡ ದನಿ ಅದಕ್ಕೂ ಮುಂಚೆಯೇ ಬಳಲಿತ್ತು.

ಇನ್ನು ಹಾಡುಗಾರಿಕೆ. ಇದನ್ನು ನಾನು ಪಕ್ಕದಲ್ಲೇ ಕೂತು ನೋಡುತ್ತೇನೆ. ರಿಹರ್ಸಲ್‌ನಲ್ಲಿ ನಮ್ಮ ಮೊದಲ ಮಾತೇ "ಯಾವ ಪಟ್ಟಿ?" ಅಂತ. ಪಟ್ಟಿ ಅಂದರೆ ಶ್ರುತಿ, ಕೀಬೋರ್ಡಿನ ಯಾವ ಕೀಯನ್ನು 'ಸ' ಮಾಡಿಕೊಂಡು ಹಾಡುವುದು ಅಂತ. ಮೂಲ ಹಾಡು ಕರಿ ಎರಡರಲ್ಲಿದ್ದರೆ, ಅಂದರೆ ಎರಡನೇ ಕಪ್ಪು ಕೀಯಲ್ಲಿದ್ದರೆ, ಹಿರಿಯ ಗಾಯಕಿ ಅದಕ್ಕಿಂತ ಕೆಳಗಿನ ಕರಿ ಒಂದು ಕೇಳುತ್ತಾರೆ. ನಾನು ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತುತ್ತೇನೆ, ಪರದೆ ಮೇಲೆ ಮೈನಸ್ ಎರಡು ಅಂತ ಬರುತ್ತದೆ. ವೇದಿಕೆ ಮೇಲೆ ಚರಣದ ತುದಿಯಲ್ಲಿ ತಾರ ಷಡ್ಜ, ಅಂದರೆ ಮೇಲಿನ 'ಸ', ಬಂದಾಗ ಮೈಕ್ ಜನರ ಕಡೆ ತಿರುಗುತ್ತದೆ. ಸಾವಿರ ಜನ ಆ ಸ್ವರ ಹಾಡುತ್ತಾರೆ, ಅಷ್ಟರಲ್ಲಿ ಗಾಯಕಿ ಉಸಿರು ತುಂಬಿಕೊಳ್ಳುತ್ತಾರೆ. ಮುಂದಿನ ಸಾಲನ್ನು ತುಸು ತಡೆದು ಎತ್ತಿಕೊಳ್ಳುತ್ತಾರೆ. ತಬಲಾದವನು ಅವರ ಮುಖವನ್ನೇ ನೋಡುತ್ತಿರುತ್ತಾನೆ. ಹಳೇ ರೆಕಾರ್ಡಿನಲ್ಲಿ ಸರ್ರನೆ ಓಡಿಹೋಗುವ ಒಂದು ಮಾತು ಈಗ ನಿಂತು ಕೇಳಿಸುತ್ತದೆ. ಇದನ್ನು ಕೆಲವರು ಮೋಸ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಅನ್ನುವುದು ಇಪ್ಪತ್ತರ ವಯಸ್ಸಿಗೆ ಬರುವುದಿಲ್ಲ.

ಇಂಗ್ಲೆಂಡಿನ ಪಾಪ್ ಗಾಯಕ ಎಲ್ಟನ್ ಜಾನ್ ಅವರ ಗಂಟಲಿಗೆ 1987ರಲ್ಲಿ ಆಪರೇಷನ್ ಆಯಿತು. ಮೇಲಿನ ತೆಳು ಸ್ವರಗಳು ಹೋದವು, ದನಿ ದಪ್ಪಗಾಯಿತು. ಹಳೇ ಹಾಡುಗಳನ್ನು ಅವರು ಹೊಸ ದನಿಗೆ ಹೊಂದಿಸಿಕೊಂಡು 2023ರ ಜುಲೈವರೆಗೆ ಊರೂರು ಸುತ್ತಿದರು. ಅಂದರೆ ದನಿ ಬದಲಾದ ಮೇಲೂ ಮೂವತ್ತಾರು ವರ್ಷ! ನಮ್ಮ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಪಾಪ್ ಗಾಯಕರಲ್ಲ, ಹಿಂದೂಸ್ತಾನಿ ಸಂಗೀತದವರು, ಆದರೂ ಇಲ್ಲಿ ನೆನಪಾಗುತ್ತಾರೆ. ಕ್ಷಯ ಬಂದು ಒಂದು ಶ್ವಾಸಕೋಶ ಕೈಕೊಟ್ಟಿತು. ವರ್ಷಗಟ್ಟಲೆ ಹಾಡುವಂತಿರಲಿಲ್ಲ. ಮತ್ತೆ ಎದ್ದು ಬಂದಾಗ ಸಣ್ಣ ಸಣ್ಣ ಉಸಿರಿನಲ್ಲಿ ಥಟ್ಟನೆ ಮೇಲೇಳುವ ತಮ್ಮದೇ ಹಾಡುವ ಶೈಲಿ ಕಟ್ಟಿದರು. ಪಕ್ಕದ ಸಾಂಗ್ಲಿಯಲ್ಲಿ ಹುಟ್ಟಿದ ಆಶಾ ಭೋಸ್ಲೆ 1995ರಲ್ಲಿ, ಅರವತ್ತು ದಾಟಿದ ಮೇಲೆ, ಎ.ಆರ್. ರೆಹಮಾನ್ ಸಂಗೀತದಲ್ಲಿ ಇಪ್ಪತ್ತರ ಆಸುಪಾಸಿನ ನಾಯಕಿಗೆ ಹಾಡಿದರು. ದನಿ ಹೊಂದುತ್ತಿಲ್ಲ ಅಂತ ಆಗ ಯಾರಿಗೂ ಅನ್ನಿಸಲಿಲ್ಲ.

ಇನ್ನು ಜನರ ಮೆಚ್ಚುಗೆ. ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ಬಾಗಲಕೋಟೆ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿ ಸಾಕು. 1943ರಲ್ಲಿ 'ಕಿಸ್ಮತ್' ಹಿಂದಿ ಚಿತ್ರ ಬಂದಾಗ ಅವರ ಹಾಡುಗಳು ದೇಶದ ಮೂಲೆಮೂಲೆಯಲ್ಲಿ ಮೊಳಗಿದವು. ಆ ಚಿತ್ರ ಕಲ್ಕತ್ತಾದ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿತು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅವರು ಅಪ್ಪಟ ಪಾಪ್ ಸ್ಟಾರ್. 1949ರ ಹೊತ್ತಿಗೆ ಲತಾ ಮಂಗೇಶ್ಕರ್ ಬಂದರು. ತೆಳ್ಳಗಿನ, ಎಳೇ ದನಿಯ ಕಾಲ ಶುರುವಾಯಿತು. ಅಮೀರಬಾಯಿಯಂಥ ತುಂಬು ದನಿಯವರಿಗೆ ಹಾಡು ಕಡಿಮೆಯಾಗುತ್ತ ಬಂತು, ಅವರು ಪೋಷಕ ಪಾತ್ರಗಳ ಕಡೆ ಹೊರಳಿದರು. 1965ರಲ್ಲಿ ತೀರಿಕೊಂಡರು. ಆ ದನಿಗೆ ಏನಾಗಿತ್ತು ಹೇಳಿ? ಏನೂ ಆಗಿರಲಿಲ್ಲ. ಕೇಳುವವರ ಕಿವಿ ಬದಲಾಗಿತ್ತು. ವಿಜಯಪುರದಲ್ಲಿ ಅವರು ಕಟ್ಟಿಸಿದ ಅಮೀರ್ ಟಾಕೀಸಿನ ಹೆಸರು ಗೊತ್ತಿರುವ ಎಷ್ಟೋ ಜನ ಅವರ ಒಂದು ಹಾಡನ್ನೂ ಕೇಳಿಲ್ಲ. ದಯವಿಟ್ಟು ಕೇಳಿ. ಯೂಟ್ಯೂಬ್‌ನಲ್ಲಿ ಸಿಗುತ್ತವೆ.

ಇದಕ್ಕೆ ಉಲ್ಟಾ ಮಡೋನಾ. 2024ರ ಮೇ ತಿಂಗಳಲ್ಲಿ, 65ನೇ ವಯಸ್ಸಿನಲ್ಲಿ, ಬ್ರೆಜಿಲ್‌ನ ಕೋಪಕಬಾನಾ ಕಡಲತೀರದಲ್ಲಿ ಅವರು ಉಚಿತವಾಗಿ ಹಾಡಿದಾಗ ಸುಮಾರು 16 ಲಕ್ಷ ಜನ ಸೇರಿದ್ದರು ಅಂತ ಅಂದಾಜು. ಅಷ್ಟೂ ಜನ ಸ್ವರಶುದ್ಧಿ ಅಳೆಯಲು ಬಂದಿರಲಿಲ್ಲ. ಕಾಲೇಜಿನ ದಿನಗಳು, ಮೊದಲ ಪ್ರೀತಿ, ಅಕ್ಕನ ಕ್ಯಾಸೆಟ್ಟು, ಅದೆಲ್ಲ ಆ ಹಾಡುಗಳ ಜೊತೆ ಅಂಟಿಕೊಂಡಿರುತ್ತದೆ ಅಲ್ವಾ? ಅದನ್ನು ಕಡಿಮೆ ಅಂತ ನಾನು ಅನ್ನುವುದಿಲ್ಲ. ಆದರೆ ಅದು ಕೇಳುವವರ ಬದುಕು. ಪ್ರತಿಭೆಗೆ ಅದು ಅಳತೆಗೋಲಾಗುವುದಿಲ್ಲ.

ಒಂದನ್ನು ಮಾತ್ರ ನನಗೆ ಸಹಿಸಲು ಆಗುವುದಿಲ್ಲ. ಒಂದು ಕಾರ್ಯಕ್ರಮದಲ್ಲಿ ಗಾಯಕರ ಹಳೇ ರೆಕಾರ್ಡಿಂಗ್ ಹಾಕಿ, ಅವರು ತುಟಿ ಆಡಿಸುವುದು, ನಾವು ಕೀ ಮೇಲೆ ಬೆರಳಿಟ್ಟು ನುಡಿಸುವಂತೆ ತೋರಿಸುವುದು ಅಂತ ಕಾರ್ಯಕ್ರಮದವರು ಮೊದಲೇ ಹೇಳಿದರು. ಮೂವತ್ತು ವರ್ಷ ಹಿಂದಿನ ದನಿ ಸ್ಪೀಕರಿನಿಂದ ಬರುತ್ತಿತ್ತು. ಅವರ ಈಗಿನ ದನಿ ಗ್ರೀನ್ ರೂಮಿನಲ್ಲಿ ನಾನು ಕೇಳಿದ್ದೆ. ಮರಳು ಬೆರೆತಂತಿದ್ದ, ತುಂಬಾ ಚೆಂದದ ದನಿ. ಅದನ್ನು ಊರಿನ ಜನಕ್ಕೆ ಕೇಳಿಸಲೇ ಇಲ್ಲ.

ಹಾಗಾದರೆ ಯಾವಾಗ ನಿಲ್ಲಿಸಬೇಕು ಅಂತಲೂ ಕೇಳುತ್ತಾರೆ. ಎಸ್. ಜಾನಕಿ 2017ರಲ್ಲಿ, 79ನೇ ವಯಸ್ಸಿನಲ್ಲಿ, ಮೈಸೂರಿನಲ್ಲಿ ಹಾಡಿ ಇನ್ನು ವೇದಿಕೆ ಸಾಕು ಅಂದರು. 1942ರಲ್ಲಿ ಹುಟ್ಟಿದ, ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಎಂಬತ್ತು ದಾಟಿಯೂ ಬ್ಯಾಂಡ್ ಕಟ್ಟಿಕೊಂಡು ಊರೂರು ಸುತ್ತಿದರು. ಇಬ್ಬರದ್ದೂ ಸರಿ. ಅದನ್ನು ತೀರ್ಮಾನಿಸಬೇಕಾದವರು ಹಾಡುವವರು. ವೇದಿಕೆ ಕೆಳಗೆ ನಿಂತು "ಇನ್ನ ಸಾಕು ಮಾಡ್ರಿ" ಅನ್ನುವುದು ನಮ್ಮ ಕೆಲಸ ಅಲ್ಲ.