ಮೆಟ್ಟಿಲಿಳಿದರೆ ತಂಪು
ಮೇ ತಿಂಗಳ ಬಿಸಿಲಲ್ಲಿ ಭೋಪಾಲದ ಕಲಾಕೇಂದ್ರ ಭಾರತ್ ಭವನ ನೋಡಿದೆ. ದೂರದಿಂದ ಕಟ್ಟಡವೇ ಕಾಣುವುದಿಲ್ಲ. 1982ರಲ್ಲಿ ತೆರೆದ ಇದನ್ನು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಕೆರೆ ಪಕ್ಕದ ಇಳಿಜಾರಿನಲ್ಲಿ ಹುದುಗಿಸಿಟ್ಟಿದ್ದಾರೆ. ಮೆಟ್ಟಿಲಿಳಿದರೆ ಅಂಗಳ, ಅದರ ಸುತ್ತ ಗ್ಯಾಲರಿಗಳು. ಮಣ್ಣಿಗೆ ಒರಗಿದ ಗೋಡೆ ಬೇಗ ಕಾಯುವುದಿಲ್ಲ. ಬೆಳಕು ಮೇಲಿನ ಕಿಂಡಿಗಳಿಂದ ಮೆಲ್ಲಗೆ ಇಳಿಯುತ್ತದೆ. ನಮ್ಮ ಸೆಕೆಗೆ ಗಾಜಿನ ಡಬ್ಬಿ ಕಟ್ಟಿ, ದಿನವಿಡೀ ಎಸಿ ಓಡಿಸುವುದಕ್ಕಿಂತ ಇದು ಎಷ್ಟೋ ವಾಸಿ ಅಲ್ವಾ?

ನನಗೆ ಇನ್ನೂ ಜಾಸ್ತಿ ಹಿಡಿಸಿದ್ದು ಒಳಗಿನ ಸಂಗ್ರಹ. ಚಿತ್ರಕಲಾವಿದ ಜೆ. ಸ್ವಾಮಿನಾಥನ್ ಇಲ್ಲಿ ಆದಿವಾಸಿ ಕಲೆಯನ್ನೂ ನಗರದ ಆಧುನಿಕ ಕಲೆಯನ್ನೂ ಒಂದೇ ಸೂರಿನಡಿ ಸರಿಸಮನಾಗಿ ಇಟ್ಟರು. ಗೊಂಡ ಕಲಾವಿದ ಜನಗಢ್ ಸಿಂಗ್ ಶ್ಯಾಮ್ ಕೆಲಸ ಮಾಡಿದ ಜಾಗವಿದು.

ಹೊರಡಲು ಮನಸ್ಸಾಗದೆ ಮೆಟ್ಟಿಲ ನೆರಳಿನಲ್ಲಿ ಸುಮ್ನೆ ಕೂತಿದ್ದೆ. ಪಕ್ಕದಲ್ಲೊಬ್ಬ ಅಜ್ಜಿ ಚಪ್ಪಲಿ ಬಿಟ್ಟು, ತಣ್ಣನೆಯ ಕಲ್ಲಿನ ಮೇಲೆ ಕಾಲು ಚಾಚಿದ್ದರು.