ಬ್ಯಾಗಿನಲ್ಲೊಂದು ಅಳತೆ ಟೇಪು

ಅಂಗವಿಕಲರ ಹಕ್ಕುಗಳ ಬಗ್ಗೆ ವರದಿ ಮಾಡಲು ಶುರು ಮಾಡಿದ ಹೊಸತರಲ್ಲಿ ನಾನು ಕೊಟ್ಟ ಒಂದು ತಲೆಬರಹ: ‘ಅಂಗವೈಕಲ್ಯ ಮೆಟ್ಟಿ ನಿಂತ ಛಲಗಾತಿ’. ವೀಲ್‌ಚೇರ್ ಬಳಸುವ ಹುಡುಗಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಪರೀಕ್ಷಾ ಕೊಠಡಿ ಇದ್ದದ್ದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಅಪ್ಪ ದಿನವೂ ಎತ್ತಿಕೊಂಡು ಹತ್ತುತ್ತಿದ್ದರು. ಅದನ್ನೇ ತಂದೆಯ ಮಮತೆ ಎಂದು ಕಣ್ಣು ತೇವವಾಗುವಂತೆ ಬರೆದೆ.

ಮಾರನೇ ದಿನ ಆಕೆ ಫೋನ್ ಮಾಡಿದಳು. ‘ಸರ್, ಅಷ್ಟು ಜನರ ಎದುರು ಎತ್ತಿಸಿಕೊಂಡು ಹೋಗೋಕೆ ನನಗೆ ಎಷ್ಟು ಮುಜುಗರ ಆಗ್ತಿತ್ತು ಗೊತ್ತಾ? ಕೊಠಡಿ ಕೆಳಗೆ ಹಾಕಿಕೊಡಿ ಅಂತ ಎರಡು ಸಲ ಅರ್ಜಿ ಕೊಟ್ಟಿದ್ದೆ. ನೀವು ಅದನ್ನ ಕೇಳಲೇ ಇಲ್ಲ.’

ಹೌದು, ಕೇಳಿರಲಿಲ್ಲ. ಆ ಎರಡು ಅರ್ಜಿಗಳು ಯಾರ ಮೇಜಿನ ಮೇಲೆ ಕುಳಿತವು ಎಂಬುದೇ ನಿಜವಾದ ಸುದ್ದಿಯಾಗಿತ್ತು. ವ್ಯಕ್ತಿಯ ದೇಹವನ್ನು ನೋಡುತ್ತಾ ಕೂತ ನನಗೆ ಮೆಟ್ಟಿಲು ಕಂಡಿರಲಿಲ್ಲ.

ಅಲ್ಲಿಂದೀಚೆಗೆ ಬ್ಯಾಗಿನಲ್ಲಿ ಅಳತೆ ಟೇಪು ಇಟ್ಟುಕೊಂಡೆ. ‘ನಮ್ಮಲ್ಲಿ ರ‍್ಯಾಂಪ್ ಇದೆ’ ಎಂದು ಯಾರೇ ಹೇಳಲಿ, ಹೋಗಿ ಅಳೆಯುತ್ತೇನೆ. ಹಲವು ದೇಶಗಳು ಒಪ್ಪಿರುವ ಲೆಕ್ಕ 1:12, ಅಂದರೆ ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದ. ಒಂದು ಕಚೇರಿಯಲ್ಲಿ ಮೂರು ಮೆಟ್ಟಿಲು ಸೇರಿ ಒಂದೂವರೆ ಅಡಿ ಎತ್ತರ. ರ‍್ಯಾಂಪ್ ಹದಿನೆಂಟು ಅಡಿ ಇರಬೇಕಿತ್ತು, ಟೇಪು ತೋರಿಸಿದ್ದು ಐದು ಅಡಿ. ಕೆಳತುದಿಯಲ್ಲಿ ಸಾಲಾಗಿ ಬೈಕುಗಳು. ‘ಅದನ್ನ ಯಾರೂ ಬಳಸಲ್ಲ ಸರ್’ ಎಂದರು ಅಲ್ಲಿನವರು. ಬಳಸುವುದಾದರೂ ಹೇಗೆ? ಕೈಯಿಂದ ಚಕ್ರ ತಳ್ಳುವವರು ಆ ಏರು ಹತ್ತಲಾರರು, ಇಳಿಯುವಾಗಂತೂ ಮುಗ್ಗರಿಸುತ್ತಾರೆ. ಆ ವರದಿಯಲ್ಲಿ ಕರುಣೆಯ ಒಂದು ಸಾಲೂ ಇರಲಿಲ್ಲ, ಬರೀ ಅಳತೆಗಳಿದ್ದವು. ‘ಸರಿಪಡಿಸುತ್ತೇವೆ’ ಎಂದು ಅಧಿಕಾರಿಗಳು ಲಿಖಿತವಾಗಿ ಕೊಟ್ಟಿದ್ದು ಅದಕ್ಕೇ.

ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಈ ಕೆಲಸಕ್ಕೆ ಬರುವ ಕಿರಿಯರಿಗೆ ಓದಲು ಕೊಡುತ್ತೇನೆ. ಕಟ್ಟಡ, ಸಾರಿಗೆ, ಮಾಹಿತಿ ಎಲ್ಲರ ಕೈಗೂ ಎಟುಕಬೇಕು ಎನ್ನುವ 9ನೇ ವಿಧಿ ಅನೇಕರಿಗೆ ಗೊತ್ತು. ಮಾಧ್ಯಮಗಳು ಅಂಗವಿಕಲರನ್ನು ಹೇಗೆ ಚಿತ್ರಿಸಬೇಕು ಎಂಬ ಮಾತು 8ನೇ ವಿಧಿಯಲ್ಲಿದೆ. ಅದು ನೇರವಾಗಿ ನಮಗೇ ಹೇಳಿದ್ದು.

ಕಿವುಡರ ಸಂದರ್ಶನದಲ್ಲಿ ದುಭಾಷಿಯ ಮುಖ ನೋಡಿ ಮಾತನಾಡುವ ತಪ್ಪನ್ನೂ ಮಾಡಿದ್ದೇನೆ. ‘ಇವರಿಗೆ ಎಷ್ಟು ವರ್ಷದಿಂದ ಕೆಲಸ ಇಲ್ಲ?’ ಎಂದು ದುಭಾಷಿಯನ್ನು ಕೇಳಿದಾಗ, ಎದುರಿಗಿದ್ದವರು ಮೇಜು ತಟ್ಟಿ ತಮ್ಮ ಎದೆಯತ್ತ ಬೆರಳು ತೋರಿಸಿದರು. ಸನ್ನೆ ಭಾಷೆಯನ್ನೂ ಭಾಷೆಯೆಂದೇ ಆ ಒಡಂಬಡಿಕೆ ಒಪ್ಪಿದೆ. 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡವೊಂದರಲ್ಲಿ ಅಂಗವಿಕಲರು ಮೂರು ವಾರಕ್ಕೂ ಹೆಚ್ಚು ಕಾಲ ಧರಣಿ ಕೂತಿದ್ದಾಗ ಫೋನ್ ಸಂಪರ್ಕ ಕಡಿದುಹಾಕಿದರು. ಕಿಟಕಿಯಲ್ಲಿ ನಿಂತು ಸನ್ನೆಯಲ್ಲಿ ಹೊರಗಿನವರಿಗೆ ಸುದ್ದಿ ಮುಟ್ಟಿಸಿದವರು ಕಿವುಡ ಧರಣಿನಿರತರೇ.

ಇನ್ನೊಂದು ಸಂಗತಿ ನನ್ನನ್ನು ತುಂಬಾ ಕಾಡಿದ್ದು. ಅಂಧ ಉದ್ಯೋಗಿಯೊಬ್ಬರ ಬಗ್ಗೆ ಬರೆದೆ, ಪತ್ರಿಕೆಯ ಪುಟದ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಅವರಿಗೆ ಕಳಿಸಿದೆ. ಸಂಜೆ ಧ್ವನಿ ಸಂದೇಶ ಬಂತು: ‘ನನ್ನ ಬಗ್ಗೆ ಚೆನ್ನಾಗಿ ಬಂದಿದೆ ಅಂತ ಎಲ್ಲರೂ ಹೇಳ್ತಿದ್ದಾರೆ. ನನಗೆ ಮಾತ್ರ ಓದೋಕೆ ಆಗ್ತಿಲ್ಲ.’ ಫೋಟೊದೊಳಗಿನ ಅಕ್ಷರವನ್ನು ಅವರ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ಓದಲಿಲ್ಲ. ಪುಟ ವಿನ್ಯಾಸದ ಕಡತದಿಂದ ನಕಲು ಮಾಡಿ ಕಳಿಸಿದೆ. ಹಳೆಯ ಫಾಂಟ್ ಆದ್ದರಿಂದ ಅರ್ಥವಿಲ್ಲದ ಅಕ್ಷರಗಳ ರಾಶಿ ಹೋಯಿತು. ಕೊನೆಗೆ ರಾತ್ರಿ ಕೂತು ಇಡೀ ವರದಿಯನ್ನು ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿ ಕಳಿಸಿದೆ.

ಹತ್ತೇ ನಿಮಿಷದಲ್ಲಿ ಉತ್ತರ ಬಂತು. ಎರಡನೇ ಪ್ಯಾರಾದಲ್ಲಿ ನಾನು ಅವರ ಹುದ್ದೆಯನ್ನೇ ತಪ್ಪಾಗಿ ಬರೆದಿದ್ದೆ.