ಸೈನ್ಯದ ಹುಡುಗರು ಹದಿಮೂರೂ ಪಂದ್ಯ ಸೋತದ್ದು ಯಾಕೆ?

ನಾನು ಅಮೆರಿಕದ ಕಾಲೇಜ್ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ನೋಡುತ್ತೇನೆ ಅಂತ ಗೊತ್ತಿರುವವರೆಲ್ಲ ಇದನ್ನು ಕೇಳಿಯೇ ಕೇಳುತ್ತಾರೆ. "ಅಲ್ಲ ಮಾರಾಯ, ಅವರು ಸೈನ್ಯದ ಹುಡುಗರಲ್ವಾ? ದಿನಾ ಕಸರತ್ತು ಮಾಡೋರು. ಅಂಥವರು ಇಡೀ ವರ್ಷ ಒಂದೂ ಪಂದ್ಯ ಗೆಲ್ಲಲಿಲ್ಲ ಅಂದ್ರೆ ಹೇಗೆ?"

ಅವರು ಕೇಳುತ್ತಿರುವುದು ಹಡ್ಸನ್ ನದಿ ದಡದ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯ ತಂಡದ ಬಗ್ಗೆ. ಎಲ್ಲರೂ ಅದನ್ನು ಆರ್ಮಿ ಅಂತಲೇ ಕರೆಯುತ್ತಾರೆ. 2003ರಲ್ಲಿ ಅದು ಆಡಿದ್ದು 13 ಪಂದ್ಯ, ಸೋತದ್ದೂ 13. ಮೇಲ್ದರ್ಜೆಯ ಕಾಲೇಜ್ ಫುಟ್‌ಬಾಲ್‌ನಲ್ಲಿ ಒಂದೂ ಗೆಲುವಿಲ್ಲದೆ ಅಷ್ಟು ಪಂದ್ಯ ಸೋತ ತಂಡ ಅದಕ್ಕೆ ಮೊದಲು ಇರಲಿಲ್ಲ. 1944ರಿಂದ 46ರವರೆಗೆ ಸತತ ಮೂರು ವರ್ಷ ದೇಶಕ್ಕೇ ಚಾಂಪಿಯನ್ ಆಗಿದ್ದ ತಂಡ ಇದು.

ಗಟ್ಟಿಮುಟ್ಟಾಗಿರುವುದೇ ಬೇರೆ, ಈ ಆಟಕ್ಕೆ ಬೇಕಾದ ಮೈಕಟ್ಟೇ ಬೇರೆ. ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವವನಿಗೆ ತೂಕವೇ ಬಂಡವಾಳ. ದೊಡ್ಡ ಯೂನಿವರ್ಸಿಟಿಗಳಲ್ಲಿ ಅಂಥ ಹುಡುಗರು 130-140 ಕೆಜಿ ಇರುತ್ತಾರೆ. ವೆಸ್ಟ್ ಪಾಯಿಂಟ್ ಹುಡುಗ ಮುಂದೆ ಅಧಿಕಾರಿಯಾಗುವವನು, ಸೈನ್ಯದ ತೂಕದ ಮಿತಿಯೊಳಗೆ ಬರಲೇಬೇಕು. ಓದು ಮುಗಿದ ಮೇಲೆ ಐದು ವರ್ಷ ಸೇವೆ ಬೇರೆ. ವೃತ್ತಿಪರ ಆಟಗಾರನಾಗುವ ಕನಸು ಇರುವ ಹದಿನೆಂಟರ ಹುಡುಗ ಇಲ್ಲಿಗೆ ಯಾಕೆ ಬರುತ್ತಾನೆ ಹೇಳಿ?

ಹಿಂದೆ ಇದಕ್ಕೊಂದು ಉಪಾಯ ಇತ್ತು. ಚೆಂಡನ್ನು ಎಸೆಯುವುದು ಕಡಿಮೆ, ಹಿಡಿದು ಓಡುವುದು ಜಾಸ್ತಿ. ಚೆಂಡು ಇನ್ನೊಬ್ಬನಿಗೆ ಕೊಡಬೇಕೋ ತಾನೇ ಓಡಬೇಕೋ ಅಂತ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸುವವನು, ಎದುರಾಳಿಯ ಒಂದು ಹೆಜ್ಜೆ ನೋಡಿ ಆ ಕ್ಷಣದಲ್ಲೇ ತೀರ್ಮಾನಿಸುತ್ತಾನೆ. ಇಲ್ಲಿ ಚುರುಕಿದ್ದರೆ ತೂಕದ ಕೊರತೆ ಅಷ್ಟಾಗಿ ಕಾಡುವುದಿಲ್ಲ. 1996ರಲ್ಲಿ ಆರ್ಮಿ 10 ಪಂದ್ಯ ಗೆದ್ದದ್ದು ಹೀಗೇ. 2000ದಲ್ಲಿ ಬಂದ ಕೋಚ್ ಟಾಡ್ ಬೆರಿ ಇದನ್ನು ಬಿಟ್ಟು ಎಸೆಯುವ ಆಟಕ್ಕೆ ಹೊರಳಿದರು. ಎಸೆಯಬೇಕಾದರೆ ಆ ದೈತ್ಯರನ್ನು ಮೂರು-ನಾಲ್ಕು ಸೆಕೆಂಡ್ ತಡೆದು ನಿಲ್ಲಿಸಬೇಕು. ಅದೇ ಆಗಲಿಲ್ಲ. ನನ್ನ ಮಟ್ಟಿಗೆ ದೊಡ್ಡ ತಪ್ಪು ಇದೇ. 2003ರಲ್ಲಿ ಆರು ಸೋಲಾದ ಮೇಲೆ ಅವರನ್ನು ತೆಗೆದರು. ಉಳಿದ ಏಳು ಪಂದ್ಯಕ್ಕೆ ಜಾನ್ ಮಮ್‌ಫರ್ಡ್ ಹಂಗಾಮಿ ಕೋಚ್ ಆದರು, ಆದರೂ ಏನೂ ಬದಲಾಗಲಿಲ್ಲ.

ಇಷ್ಟಕ್ಕೇ ಉತ್ತರ ನಿಲ್ಲಿಸಲು ನನಗೆ ಮನಸ್ಸು ಬರುವುದಿಲ್ಲ. ಆ ತಂಡದ ಕೊನೆಯ ವರ್ಷದ ಹುಡುಗರು ಅಕಾಡೆಮಿ ಸೇರಿದ್ದು 2000ದಲ್ಲಿ. ಎರಡನೇ ವರ್ಷ ಶುರುವಾದ ಸ್ವಲ್ಪ ದಿನಕ್ಕೇ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿ ಆಯಿತು. ಮೂರನೇ ವರ್ಷದ ತರಗತಿ ಶುರುವಾಗುವ ಮೊದಲು ಬಿಟ್ಟು ಹೋದರೆ ಸೇವೆಯ ಕಟ್ಟುಪಾಡು ಇರುವುದಿಲ್ಲ. ಅಂದರೆ ಅವರಿಗೆ ಹೆಚ್ಚುಕಡಿಮೆ ಒಂದು ವರ್ಷ ಬಾಗಿಲು ತೆರೆದೇ ಇತ್ತು. ಅವರು ಉಳಿದರು. 2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧ ಶುರುವಾಯಿತು. ಓದು ಮುಗಿದರೆ ಎಲ್ಲಿಗೆ ಹೋಗಬೇಕಾಗಬಹುದು ಅಂತ ಗೊತ್ತಿದ್ದೇ ಪ್ರತಿ ಶನಿವಾರ ಮೈದಾನಕ್ಕೆ ಇಳಿದರು.

ಕೊನೆಯ ಪಂದ್ಯ ಡಿಸೆಂಬರ್ 6ಕ್ಕೆ, ಫಿಲಡೆಲ್ಫಿಯಾದಲ್ಲಿ, ನೌಕಾಪಡೆಯ ಅಕಾಡೆಮಿಯ ಎದುರು. 34-6ರ ಸೋಲು. ಈ ಎರಡು ತಂಡಗಳ ಪಂದ್ಯ ಮುಗಿದ ಮೇಲೆ ಒಂದು ಪದ್ಧತಿ ಇದೆ. ಮೊದಲು ಸೋತವರ ಅಕಾಡೆಮಿ ಗೀತೆ. ಇಬ್ಬರೂ ಹೆಲ್ಮೆಟ್ ತೆಗೆದು, ಸೋತವರ ಕಡೆಯ ಕೆಡೆಟ್‌ಗಳ ಮುಂದೆ ಹೋಗಿ ನಿಲ್ಲುತ್ತಾರೆ. ಆಮೇಲೆ ಮೈದಾನ ದಾಟಿ ಗೆದ್ದವರ ಗೀತೆ. ಸೋತವರೂ ಜೊತೆಗೆ ನಿಂತಿರುತ್ತಾರೆ, ಹಾಡು ಮುಗಿಯುವವರೆಗೆ ಯಾರೂ ಕದಲುವುದಿಲ್ಲ. ಆರ್ಮಿ ಹುಡುಗರು ಆ ದಿನ ಮೊದಲು ಹಾಡಿದರು.

ಹಿಂದಿನ, ಮುಂದಿನ ವರ್ಷದ ಸೋಲೂ ಸೇರಿ 19 ಆಗಿದ್ದ ಸೋಲುಗಳ ಸರಣಿ ಮುರಿದದ್ದು 2004ರ ಅಕ್ಟೋಬರ್‌ನಲ್ಲಿ, ಸಿನ್ಸಿನಾಟಿ ವಿರುದ್ಧ. ಅಷ್ಟು ಹೊತ್ತಿಗೆ ಆ ಹಿರಿಯ ಹುಡುಗರು ಪದವಿ ಮುಗಿಸಿ, ಸೆಕೆಂಡ್ ಲೆಫ್ಟಿನೆಂಟ್‌ಗಳಾಗಿ ಹೋಗಿಯಾಗಿತ್ತು.